ಒಡಪಿನಲ್ಲಿ ಬಂದ ಹೆಸರು

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ರಜಾಕಾರರಿಗೆ ಹೆದರಿ ಸಾವಂತ್ರೆವ್ವ ಗಂಡನೊಂದಿಗೆ ನಿಜಾಮನ ಸೀಮೆಯಿಂದ ಮುಂಡರಗಿ ಕಡೆ ಓಡಿಬಂದಳು. ಗಡಿಯಲ್ಲಿ ಪೊಲೀಸರು ಬೇಹುಗಾರನಿರಬೇಕೆಂದು ಗಂಡನನ್ನು ಹಿಡಿದು ಕೂಡಿಹಾಕಿದರು. ಗುಮಾನಿ ತೀರಿದ ಮೇಲೆ, ಮನೆಯವರು ಹೆಸರು ಹೇಳಿ ಕರೆದೊಯ್ಯಲಿ ಎಂದರು.

"ಗಂಡನ ಹೆಸರೇನವ್ವ?" ಫೌಜದಾರ ಕೇಳಿದ.

ಸಾವಂತ್ರೆವ್ವ ತಲೆ ತಗ್ಗಿಸಿದಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಹೇಳಬಲ್ಲ ಅತ್ತೆ, ಜೊತೆಗೇ ಹೊರಟವಳು, ಬೇರೆ ಚಕ್ಕಡಿಯಲ್ಲಿ ಗದಗಿಗೆ ಹೋಗಿಬಿಟ್ಟಿದ್ದಳು.

"ಗಂಡನ ಹೆಸರು ಗೊತ್ತಿಲ್ಲದಾಕಿ ಎಂಥಾ ಹೆಂಡ್ತಿ? ಹೋಗು, ಖರೆ ಹೆಂಡ್ತೀನ ಕಳಸು."

ಅವಳಿಗೆ ಮೈಯೆಲ್ಲ ಉರಿಯಿತು. ಮದುವೆಯ ದಿನ ಹೊಸ್ತಿಲಲ್ಲಿ ತಡೆದ ನಾದಿನಿಯರಿಗೆ ಪ್ರಾಸ ಹೊಂದಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದು ನೆನಪಾಯಿತು. ಒಡಪಿನಲ್ಲಿ ಹೇಳಿದರೆ ತಪ್ಪಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಠಾಣೆಯೆಲ್ಲ ಕೇಳುವಂತೆ ಹೇಳಿದಳು:

"ಗಡಿ ದಾಟಿ ಬಂದೇನ್ರಿ ತಲಿಮ್ಯಾಲ ಗಂಟು,
ಯಮನೂರಪ್ಪನ ಬಿಟ್ಟರ ನನಗ ಯಾರುಂಟು."

ಒಳಗಿನ ಕೋಣೆಯಿಂದ ಗಂಡನ ನಗು ಕೇಳಿತು.

ಫೌಜದಾರ ಬೀಗ ತೆಗೆಸಿದ. "ಬರಕೊಳ್ಳಾಕ ಹೆಸರು ಇನ್ನೊಮ್ಮೆ ಹೇಳವ್ವ."

"ಹೊರಗ ಬಂದಾರಲ್ಲ," ಎಂದಳು ಸಾವಂತ್ರೆವ್ವ, ಸೆರಗು ಸರಿಮಾಡಿಕೊಳ್ಳುತ್ತ, "ಅವರನ್ನ ಕೇಳ್ರಿ."