ಕಲ್ಲಿನ ಎಣ್ಣೆ ಇಳಿಸುವ ಹವಾಲ್ದಾರ

ಕಲ್ಲು ಕಂಡರೆ ಎಣ್ಣೆ ಹಾಕುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ. ಹಾಕಿದ ಎಣ್ಣೆಯನ್ನು ಇಳಿಸುವುದಕ್ಕೆಂದೇ ಸೈಕಲ್ ತುಳಿದುಕೊಂಡು ಬರುತ್ತಿದ್ದವನು, ನಾನು ಕಂಡಂತೆ, ದಿಗ್ಗೇವಾಡಿಯ ದತ್ತೋಬಾ ಹವಾಲ್ದಾರ ಒಬ್ಬನೇ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮೂರ ಬಸ್ ಸ್ಟ್ಯಾಂಡಿನ ಬೇವಿನ ಮರಕ್ಕೆ ಸೈಕಲ್ ಆನಿಸಿ, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಅಂಟವಾಳದ ನೊರೆಯಲ್ಲಿ ತೆಂಗಿನ ನಾರು ಅದ್ದಿ, ಅಲ್ಲಿ ನಿಂತಿದ್ದ ಕಲ್ಲನ್ನು ತಿಕ್ಕಲು ಕೂರುತ್ತಿದ್ದ. ಕೂಸಿಗೆ ಎರೆಯುವ ಮುದುಕಿಯ ಹಾಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಲೇ ಬಾಳ್ಯಾ, ಎಷ್ಟ ಎಣ್ಣಿ ಕುಡದೀಯೋ ಮಾರಾಯಾ!" ಎಂದು ಬಯ್ಯುತ್ತ, ಅಕ್ಷರಗಳ ಸಂದಿಯ ಜಿಡ್ಡನ್ನು ಬೇವಿನ ಕಡ್ಡಿಯಿಂದ ಕೆದಕಿ ತೆಗೆಯುವನು. ಕಡೆಗೆ ಹಿಂದೆ ಸರಿದು, ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆಯುವನು. ಬಸ್ಸಿಗೆ ಕಾದವರು ಮುಸಿಮುಸಿ ನಗುತ್ತಿದ್ದರು.

ಆ ಕಲ್ಲಿನ ಮೇಲಿದ್ದದ್ದು ನನ್ನ ಅಪ್ಪನ ಹೆಸರು.

ಅಪ್ಪ, ಸಿಪಾಯಿ ಬಾಳಗೊಂಡ, ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಾಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ದೇಹ ಊರಿಗೆ ಬರಲಿಲ್ಲ, ಗಡಿಯಲ್ಲೇ ಸಂಸ್ಕಾರವಾಯಿತು. ನಮ್ಮಲ್ಲಿ ಸತ್ತವರನ್ನು ಹೊಲದಲ್ಲಿ ಮಣ್ಣು ಮಾಡಿ ಗದ್ದಿಗೆ ಕಟ್ಟುತ್ತಾರೆ, ಅಮಾವಾಸ್ಯೆಗೆ ಎಡೆ ಒಯ್ಯುತ್ತಾರೆ. ಅವ್ವನಿಗೆ ಎಡೆ ಒಯ್ಯಲು ಜಾಗವೇ ಇರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ, ಅಪ್ಪನ ಪಲ್ಟನ್ನಿನಲ್ಲೇ ಇದ್ದ ದತ್ತೋಬಾ ಕಾಕಾ ನಿವೃತ್ತನಾಗಿ ಬಂದವನು ನಮ್ಮೂರ ಪಂಚರ ಬೆನ್ನು ಹತ್ತಿ ಆ ಕಲ್ಲು ನಿಲ್ಲಿಸಿದ. ಅಂದು ಅವ್ವ ಅದರ ಮುಂದೆ ಹೊತ್ತು ಏರುವ ತನಕ ಕೂತಿದ್ದಳು.

ಆದರೆ ನಮ್ಮೂರ ಮಂದಿಗೆ ಕಲ್ಲು ಸುಮ್ಮನೆ ನಿಂತರೆ ಸಮಾಧಾನವಿಲ್ಲ. ನೆರೆಮನೆಯ ಲಗಮವ್ವ, ಜ್ವರ ಬಂದ ಮೊಮ್ಮಗನನ್ನು ರಾಯಬಾಗದ ದವಾಖಾನೆಗೆ ಒಯ್ಯಲು ಬಸ್ಸಿಗೆ ಕಾಯುತ್ತಿದ್ದವಳು, ದಿಕ್ಕು ತೋಚದೆ ಈ ಕಲ್ಲಿಗೇ ಕೈಮುಗಿದಳು. ಬಸ್ಸು ರಾಯಬಾಗ ಮುಟ್ಟುವುದರೊಳಗೆ ಜ್ವರ ಇಳಿಯಿತು. ಮರಳಿ ಬಂದವಳು ಕಲ್ಲಿಗೆ ಎಣ್ಣೆ ಸುರಿದು ಕುಂಕುಮ ಬಳಿದಳು. ನೋಡನೋಡುತ್ತ ಅಪ್ಪ 'ಸಿಪಾಯಪ್ಪ' ಆದ. ಅಮಾವಾಸ್ಯೆಗೊಮ್ಮೆ ಹೆಂಗಸರು ಸಾಲುಗಟ್ಟಿದರು. ಹೆಸರು ಜಿಡ್ಡಿನ ಕೆಳಗೆ ಸೇರಿತು.

ದೇವರಾದ ಮೇಲೆ ಮಡಿ ಮೈಲಿಗೆಯೂ ಬಂತಲ್ಲ. ಅವ್ವ ಹೋಳಿಗೆಯ ತಾಟು ಹಿಡಿದು ಹೋದ ದಿನ ಲಗಮವ್ವ, ಕೆಟ್ಟ ಮನಸ್ಸಿನಿಂದೇನೂ ಅಲ್ಲ, "ನೀ ಅಲ್ಲೇ ನಿಂದರ ಬೇ. ಇದು ಮುತ್ತೈದೇರ ಪೂಜಿ" ಎಂದಳು. ಅವ್ವ ತಾಟು ಹಿಡಿದುಕೊಂಡೇ ಮನೆಗೆ ಬಂದಳು. ಊರೆಲ್ಲ ಮುಟ್ಟಬಹುದಾದ ಕಲ್ಲನ್ನು ಅವನ ಹೆಂಡತಿ ಮುಟ್ಟುವ ಹಾಗಿರಲಿಲ್ಲ. ಕಾಕಾನಿಗೆ ಇದು ತಿಳಿದದ್ದೇ ತಡ, ಅಂಟವಾಳದ ಚೀಲ ಸೈಕಲ್ಲಿಗೆ ಬಿತ್ತು.

ಮೊದಲ ದಿನವೇ ಲಗಮವ್ವ ಸೆರಗು ಬಿಗಿದು ಎದುರಿಗೆ ನಿಂತಳು. "ನಮ್ಮ ದೇವರ ಮೈ ತಿಕ್ಕಾಕ ನೀ ಯಾವಾಂವೋ?"

"ಲಗಮಕ್ಕಾ, ಹೆಸರ ಇಲ್ಲಂದ್ರೂ ದೇವರಿಗೆ ನಡೀತೈತಿ. ಸಿಪಾಯಿಗೆ ನಡ್ಯಂಗಿಲ್ಲ. ಇಂವಾ ನನ್ನ ಜೋಡಿ ಒಂದ ತಾಟಿನ್ಯಾಗ ಉಂಡ ಮನಶ್ಯಾ. ಬದನಿಕಾಯಿ ಕಂಡ್ರ ಮಾರಿ ಕಿವಚತಿದ್ದ. ನೀವು ನೋಡಿದ್ರ ಅದನ್ನ ನೈವೇದ್ಯಾ ಇಟ್ಟೀರಿ!"

ಅಪ್ಪನಿಗೆ ಬದನೆಕಾಯಿ ಸೇರುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಹೀಗೆ. ನನಗೂ ಸೇರುವುದಿಲ್ಲ. ಅಂದು ನನಗಾದ ಸಂತೋಷ ಇಷ್ಟಿಷ್ಟಲ್ಲ. ಆಮೇಲೆ ಪ್ರತಿ ತಿಂಗಳೂ ಕಲ್ಲಿನ ಹತ್ತಿರ ಓಡುತ್ತಿದ್ದೆ. ಅಪ್ಪನಿಗೆ ಜಿಗಣೆಯೆಂದರೆ ಹೆದರಿಕೆ, ಭಜನೆಯಲ್ಲಿ ತಾಳ ತಪ್ಪುತ್ತಿದ್ದ, ಅವ್ವನ ಮೇಲೆ ಸಿಟ್ಟು ಬಂದರೆ ತಾನೇ ಉಪವಾಸ ಮಲಗುತ್ತಿದ್ದನಂತೆ. ಊರಿನವರು ನನಗೆ ಒಬ್ಬ ದೇವರನ್ನು ಕೊಟ್ಟಿದ್ದರು. ಕಾಕಾ ಅಪ್ಪನನ್ನು ಕೊಟ್ಟ. ಆ ಋಣ ತೀರುವಂಥದ್ದಲ್ಲ.

ತೊಂಬತ್ತರ ಸುಮಾರಿಗೆ ಪಂಚರು ಸಿಪಾಯಪ್ಪನಿಗೆ ಹಿತ್ತಾಳೆಯ ಮುಖ ಮಾಡಿಸಿ ಕಲ್ಲಿಗೆ ಕೂಡಿಸುವುದೆಂದು ಗೊತ್ತು ಮಾಡಿದರು. ಮುಖ ಕೂತರೆ ಹೆಸರು ಕಾಯಮ್ಮಾಗಿ ಮುಚ್ಚಿಹೋಗುತ್ತಿತ್ತು. ಅವ್ವ ಎರಡು ಹೊತ್ತು ಉಣ್ಣಲಿಲ್ಲ. ಪಂಚರು ಕೂಡಿದ ದಿನ ಕಾಕಾ ಬಂದ. ಜಗಳ ತೆಗೆಯುತ್ತಾನೆಂದು ನಾನು ಹೆದರಿದ್ದೆ. ಅವನು ಕುಕ್ಕರುಗಾಲಲ್ಲಿ ಕೂತು ಕೈಮುಗಿದ.

"ಪಂಚರ, ಒಂದು ಮಾತು. ದೇವರ ಪಾದ ದೊಡ್ಡವೊ, ಮಾರಿ ದೊಡ್ಡದೊ?"

"ಪಾದನ ದೊಡ್ಡವು," ಎಂದಳು ಲಗಮವ್ವ, ಪಂಚರಿಗಿಂತ ಮೊದಲೇ.

"ಹಂಗಾರ ಮುಂದ ಒಂದು ಪಾದಗಟ್ಟಿ ಕಟ್ಟೂಣು. ಎಣ್ಣಿ, ಕುಂಕಮಾ, ಕಾಯಿ ಎಲ್ಲಾ ಅಲ್ಲಿ. ಮಾರಿ ಅಷ್ಟ ನನಗ ಬಿಡ್ರಿ."

ದೇವರ ಪಾದ ಕೆತ್ತಿದ ಕಟ್ಟೆಗೆ ಕೈಮುಗಿದು ಮುಂದೆ ಹೋಗುವುದು ನಮ್ಮ ಕಡೆ ಊರೂರಿನ ರೂಢಿ. ಪಂಚರು ಹಿತ್ತಾಳೆಯ ಮುಖದ ಮಾತು ಬಿಟ್ಟು ಪಾದಗಟ್ಟೆಗೆ ಒಪ್ಪಿದರು. ಕಲ್ಲಿನಿಂದ ನಾಲ್ಕು ಮಾರು ಈಚೆಗೆ ಎರಡು ಪಾದಗಳಿರುವ ಪುಟ್ಟ ಕಟ್ಟೆ ಎದ್ದಿತು. ಎಣ್ಣೆ ಅಲ್ಲಿಗೆ ಹೋಯಿತು.

ಆದರೂ ಹಳೆಯ ಜಿಡ್ಡು ಕಲ್ಲಿಗೆ ಅಂಟಿಕೊಂಡೇ ಇತ್ತು. ಮುಂದಿನ ಅಮಾವಾಸ್ಯೆಯ ಮರುದಿನ ಕಾಕಾ ನಾರನ್ನು ತಾನು ಹಿಡಿಯಲಿಲ್ಲ, ಅವ್ವನ ಕೈಗಿಟ್ಟ.

"ವೈನಿ, ಪೂಜಿಗೆ ಅಡ್ಡ ಬರಾಕ ಊರ ತುಂಬ ಮಂದಿ ಅದಾರ. ತಿಕ್ಕಾಕ ಬ್ಯಾಡ ಅನ್ನಾವ್ರು ಯಾರೂ ಇಲ್ಲ. ತಿಕ್ರಿ."

ಅವ್ವ ಸುತ್ತ ನೋಡಿದಳು. ಪಾದಗಟ್ಟೆಯ ಹತ್ತಿರವಿದ್ದ ಲಗಮವ್ವ, ಬರುವ ಹೊತ್ತೇ ಅಲ್ಲದ ಬಸ್ಸನ್ನು ಹುಡುಕುವವಳಂತೆ ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು. ಅವ್ವ ಕೂತಳು. ಇಷ್ಟು ವರ್ಷದ್ದೆಲ್ಲ ಸೇರಿಸಿ ತಿಕ್ಕಿದಳು. "ಸಾವಕಾಶ ವೈನಿ, ಬಾಳ್ಯಾನ ತೊಗಲ ಸುಲದೀತು!" ಎಂದು ಕಾಕಾ ಕೂಗಿದಾಗ ಅವ್ವ ಕಣ್ಣೀರಿನಲ್ಲೇ ನಕ್ಕುಬಿಟ್ಟಳು. ಅಂದಿನಿಂದ ಆ ಕೆಲಸ ಅವಳದಾಯಿತು.

ಕಾಕಾನಿಗೆ ವಯಸ್ಸಾಯಿತು. ಸೈಕಲ್ ಬಿಟ್ಟು ಬಸ್ಸಿಗೆ ಬರತೊಡಗಿದ. ಮದುವೆಯಾಗಿ ಅಥಣಿಗೆ ಹೋಗಿದ್ದ ನಾನು ತವರಿಗೆ ಬಂದಾಗ ಅವನನ್ನು ಕಡೆಯ ಸಲ ನೋಡಿದೆ. ಬೇವಿನ ನೆರಳಲ್ಲಿ ಕೂತು, "ಎರಡನೇ ಸಾಲಿನ್ಯಾಗ ಇನ್ನೂ ಜಿಡ್ಡ ಉಳದೈತಿ, ನಿಮ್ಮವ್ವಗ ಹೇಳ ಪೋರಿ" ಎಂದ. "ನಿನಗೂ ಒಂದು ಕಲ್ಲ ನಿಂದರಸೂಣು, ಕಾಕಾ" ಎಂದೆ.

"ಹಾಸಿಗ್ಯಾಗ ಸಾಯಾವಗ ಎಲ್ಲಿ ಕಲ್ಲ ಬೇ! ನನ್ನ ಕೆಲಸ ಮುಗದೈತಿ," ಎಂದು ನಕ್ಕ.

ಹಾಸಿಗೆಯಲ್ಲೇ ಹೋದ. ಸುದ್ದಿ ಬಂದ ಮೇಲಿನ ಅಮಾವಾಸ್ಯೆಗೆ ಅವ್ವ, ತವರಿಗೆ ಬಂದಿದ್ದ ನನ್ನನ್ನು ಕರೆದುಕೊಂಡು ಹೊರಟಳು. ತಾಟು ಹಿಡಿದು ಮರಳಿ ಬಂದ ದಿನದಿಂದ ಅವಳು ಅಮಾವಾಸ್ಯೆಯಂದು ಅತ್ತ ಸುಳಿದಿರಲಿಲ್ಲ. ಹೆಂಗಸರು ದಾರಿ ಬಿಟ್ಟರು. ಅವ್ವ ಅಪ್ಪನ ಕಲ್ಲಿನ ಹತ್ತಿರ ಹೋಗಲಿಲ್ಲ. ಪಾದಗಟ್ಟೆಯ ಮುಂದೆ ಕೂತು, ಎಣ್ಣೆಯ ಬಟ್ಟಲಿಗಾಗಿ ಲಗಮವ್ವನತ್ತ ಕೈ ಚಾಚಿದಳು.

"ಯಾರ ಹೆಸರಿಗೆ ಬೇ?" ಎಂದಳು ಲಗಮವ್ವ.

"ಹವಾಲ್ದಾರಗ."

ಲಗಮವ್ವ ಬಟ್ಟಲು ಕೊಟ್ಟಳು. ಕುಂಕುಮದ ಭರಣಿಯನ್ನೂ ಅವ್ವನ ಮುಂದೆ ಸರಿಸಿದಳು. ಆಚೆ ನಿಂತ ಅಪ್ಪನ ಹೆಸರಿಗೆ ಒಂದು ಹನಿಯೂ ಸಿಡಿಯಬಾರದೆಂದು ಅವ್ವ ಬಟ್ಟಲಿಗೆ ಸೆರಗು ಮರೆ ಮಾಡಿಕೊಂಡು, ನಿಧಾನವಾಗಿ ಎಣ್ಣೆ ಹಾಕಿದಳು.