ಗಾಜಿನಾಚೆ ಕೂತಿದ್ದ ಅಕ್ಕ

ನನ್ನ ಸೊಸೆ ಸಿನಿಮಾದಲ್ಲಿ ನಟಿಸುವವಳು, ಆದರೆ ಅವಳ ಮುಖವನ್ನು ಯಾರೂ ನೋಡಿಲ್ಲ. ತೆರೆಯ ಮೇಲೆ ನಾಯಕಿ ಬಾಯಿ ಆಡಿಸುತ್ತಾಳೆ, ದನಿ ನಮ್ಮವಳದು. ಅಳು, ಕಿರುಚಾಟದಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಪಕ್ಕದ ಮನೆಯಾಕೆ ಓಡಿಬಂದು, "ಏನ್ರೀ, ಈ ವಯಸ್ಸಲ್ಲೂ ಸೊಸೆಗೆ ಹೊಡಿಯೋಷ್ಟು ಶಕ್ತಿ ಇದೆಯಾ ನಿಮಗೆ?" ಎಂದು ಕೇಳುತ್ತಿದ್ದಳು.

ಈ ಕೆಲಸ ಕಲಿಸಿದ್ದು ಸ್ಟುಡಿಯೋದಲ್ಲಿ ದನಿ ಮುದ್ರಿಸುವ ಹೆಂಗಸು. ಸೊಸೆ ಅವಳನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು. ಇವಳು ಮೈಕಿನ ಮುಂದೆ. ಅಕ್ಕ ಗಾಜಿನಾಚೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಅಳು ಕೊಂಚ ಸುಳ್ಳೆನಿಸಿದರೂ ಬಿಡುತ್ತಿರಲಿಲ್ಲ: "ಗಂಟಲಿಂದ ಬಂತು ಕಣೇ, ಹೊಟ್ಟೆಯಿಂದ ಬರಲಿ. ಇನ್ನೊಂದ್ಸಲ."

ಒಂದು ಮಧ್ಯಾಹ್ನ ನಿರ್ದೇಶಕ, ಅಳುವುದನ್ನು ತಾನೇ ಹೇಳಿಕೊಡುತ್ತೇನೆಂದು ಸೊಸೆಯಿದ್ದ ಮೈಕಿನ ಕೋಣೆಯೊಳಗೆ ಹೋದ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅದು ಉರಿಯುವಾಗ ಯಾರೂ ಬಾಗಿಲು ತೆರೆಯುವಂತಿಲ್ಲ. "ನನ್ನ ಜೊತೆ ಹೊಂದ್ಕೊಂಡು ಹೋದ್ರೆ ಮುಂದಿನ ಚಿತ್ರಾನೂ ನಿಂದೇ. ಇಲ್ಲಾಂದ್ರೆ ಇದೂ ಇಲ್ಲ" ಎಂದವನು ಅವಳ ಸೊಂಟ ಹಿಡಿದು ಗೋಡೆಗೆ ಒತ್ತಿದ. ಸೊಸೆ ಗಾಜಿನ ಕಡೆ ತಿರುಗಿ "ಅಕ್ಕಾ" ಎಂದು ಕಿರುಚಿದಳು. ಅಕ್ಕ ತಲೆ ತಗ್ಗಿಸಿದಳು. ಅವನ ಕೈ ಕಚ್ಚಿ ಸೊಸೆ ಹೊರಗೆ ಬಂದಳು.

ಕಲಾವಿದರ ಸಂಘಕ್ಕೆ ದೂರು ಕೊಟ್ಟಳು. ಅವತ್ತು ಮುದ್ರಿಸಿದ್ದು ಉಳಿದಿರಲಿಲ್ಲ; ಎಲ್ಲವನ್ನೂ ಕೇಳಿಸಿಕೊಂಡವಳು ಅಕ್ಕ ಒಬ್ಬಳೇ. ಅವಳು ನಿಜ ಹೇಳಿದರೆ ಮಾತ್ರ ದೂರಿಗೆ ಬಲ ಬರುತ್ತಿತ್ತು. "ಹೇಳ್ತೀನಿ ಕಣೇ, ನೀನು ಧೈರ್ಯವಾಗಿರು" ಎಂದು ನಮ್ಮ ಮನೆಯಲ್ಲೇ ಕೂತು, ಸೊಸೆಯ ತಲೆ ಸವರಿ ಮಾತು ಕೊಟ್ಟಳು. ನನಗೂ ಜೀವ ಬಂದಂತಾಯಿತು.

ಸಭೆಗೆ ನಾನೂ ಹೋದೆ. ನಿರ್ದೇಶಕ ನಗುತ್ತ, "ಕಿರುಚೋದೇ ಅವಳ ಕೆಲಸ ಅಲ್ವೇ?" ಎಂದ. ಅಧ್ಯಕ್ಷರು ಅಕ್ಕನ ಕಡೆ ನೋಡಿದರು.

"ಕಿರುಚಿದ್ದು ಕೇಳಿಸ್ತು ಸಾರ್. ಸೀನಿಗೆ ಅಂದ್ಕೊಂಡೆ" ಎಂದಳು ಅಕ್ಕ.

ಸೊಸೆ ಎದ್ದು ನಿಂತಳು. "ಇಷ್ಟು ವರ್ಷ ನೀನು ನನ್ನ ಸುಳ್ಳು ಅಳು ಯಾವ್ದು ಅಂತ ಕಣ್ಮುಚ್ಚಿ ಹೇಳ್ತಿದ್ದೆ. ಅವತ್ತು ಯಾಕಕ್ಕಾ ಇನ್ನೊಂದ್ಸಲ ಅನ್ನಲಿಲ್ಲ?"

ಅಕ್ಕ ಕೈಚೀಲದ ಜಿಪ್ಪನ್ನು ಎಳೆಯುತ್ತ ಕೂತಳು. ಸಾಕ್ಷಿ ಸಾಲದು ಎಂದು ಅಧ್ಯಕ್ಷರು ಸಭೆ ಮುಗಿಸಿದರು.

ಅವನ ಮುಂದಿನ ಚಿತ್ರದ ಕೆಲಸ ಅಕ್ಕನಿಗೇ ಸಿಕ್ಕಿತು. ಸೊಸೆಯನ್ನು ಯಾರೂ ಕರೆಯುತ್ತಿಲ್ಲ. ನಾವಿಬ್ಬರೂ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿ ಬಂದಿದ್ದೇವೆ. ನಿರ್ದೇಶಕನ ಮಾತು ಬಂದರೆ ಸೊಸೆ ಬಾಯಿಗೆ ಬಂದಂತೆ ಬಯ್ಯುತ್ತಾಳೆ, ನಾನೂ ನಾಲ್ಕು ಸೇರಿಸುತ್ತೇನೆ. ಅಕ್ಕನ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.