ಚಿತ್ರದಲ್ಲಿಲ್ಲದ ಮೋರಿ

ಆ ಗದ್ದೆಯ ಅಮ್ಮ ಮೋರಿಯ ವಿಷಯ ನನಗೆ ಹೇಳಿದ್ದರೋ ಇಲ್ಲವೋ ಎಂಬುದು ಇವತ್ತಿಗೂ ಖಚಿತವಿಲ್ಲ. ಹೇಳಿದ್ದರೆ, ಅವರ ಗದ್ದೆ ಮುಳುಗಿದ್ದು ನನ್ನಿಂದ. ಹೇಳದೇ ಇದ್ದಿದ್ದರೂ ಬಹುಶಃ ನನ್ನಿಂದಲೇ, ಆದರೆ ಆಗ ತಪ್ಪು ನಾಲ್ಕಾರು ಜನರಲ್ಲಿ ಹಂಚಿಹೋಗುತ್ತದೆ. ಎರಡು ಮಳೆಗಾಲದಿಂದ ನಾನು ಈ ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡು ಓಡಾಡುತ್ತಿದ್ದೇನೆ.

ನಾನು ರಸ್ತೆ ಕಟ್ಟುವವನಲ್ಲ, ತೋರಿಸುವವನು. ವಿಶ್ವವಿದ್ಯಾಲಯದಲ್ಲಿ ಸಾರಿಗೆ ಯೋಜನೆ ಓದಿ ಕಾರವಾರದ ಒಂದು ಸಣ್ಣ ಸಲಹಾ ಕಚೇರಿ ಸೇರಿದೆ. ಇನ್ನೂ ಆಗದ ಹೆದ್ದಾರಿ ಆದಮೇಲೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೋ ಮಾಡಿ ಊರವರ ಸಭೆಯಲ್ಲಿ ತೋರಿಸುವುದು ನನ್ನ ಕೆಲಸ. ಅದರ ಜೊತೆಗೆ ಹಳೆಯ ರಸ್ತೆಯ ಉದ್ದಕ್ಕೂ ನಡೆದು ಸೇತುವೆ, ಮೋರಿ, ಮರಗಳನ್ನು ಪಟ್ಟಿ ಮಾಡುವುದೂ ನನ್ನ ಪಾಲಿಗೇ ಬಂದಿತ್ತು. ಆ ಪಟ್ಟಿಯ ಮೇಲೆ ನಕ್ಷೆ, ನಕ್ಷೆಯ ಮೇಲೆ ನನ್ನ ಚಿತ್ರ.

ಆ ದಿನಗಳಲ್ಲಿ ನನಗೆ ಇನ್ನೊಂದು ಹುಚ್ಚು ಹಿಡಿದಿತ್ತು. ಹವಾಮಾನ ಬದಲಾಗುತ್ತಿರುವಾಗ ಹೆದ್ದಾರಿಗಳನ್ನು ಹೇಗೆ ರೂಪಿಸಬೇಕು ಎಂದು ಯೋಜಕರಿಗಾಗಿಯೇ ಬರೆದ ಕೈಪಿಡಿಗಳು, ಮುಳುಗಡೆಯ ನಕಾಶೆಗಳು, ಮಾದರಿ ಚಿತ್ರಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡು ವಿಷಯವಾರು ಜೋಡಿಸಿಟ್ಟಿದ್ದೆ. ಒಳ್ಳೆಯ ಹವೆಯ ಚಿತ್ರವನ್ನಷ್ಟೇ ತೋರಿಸಬೇಡಿ, ಕೆಟ್ಟ ಮಳೆಯ ದಿನವನ್ನೂ ತೋರಿಸಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿಯ ಜನರನ್ನು ಕೇಳಿ ಎಂಬ ಅರ್ಥದ ಮಾತು ಅವುಗಳಲ್ಲಿತ್ತು. ಅದರ ಕೆಳಗೆ ನಾನು ಗೆರೆ ಎಳೆದಿದ್ದೆ. ಗೆರೆ ಈಗಲೂ ಇದೆ, ನೋಡಿದ್ದೇನೆ.

ಮಾಜಾಳಿಯಿಂದ ದಿನಾ ಬರುತ್ತಿದ್ದ ನಮ್ಮ ನಕ್ಷೆಗಾರ ನನ್ನನ್ನು ಗೇಲಿ ಮಾಡುತ್ತಿದ್ದ.

"ಅರೇ ಬಾ, ಇಷ್ಟ್ ದಪ್ಪ ಪುಸ್ತಕ ಎಂತಕ್ಕೆ? ಕಡಲು ಏರ್ತದೆ ಅಂದ್ರೆ ರಸ್ತೆ ಏರ್ಸೂದು. ಆಯ್ತಲ್ಲ!"

"ಪುಸ್ತಕದಲ್ಲೂ ಹೆಚ್ಚುಕಮ್ಮಿ ಅದೇ ಇದೆ" ಎಂದೆ.

"ನೋಡು, ನಾ ಓದ್ದೇ ಪಾಸು!"

ಇಬ್ಬರೂ ನಕ್ಕೆವು. ಅಂಕೋಲೆಯ ದಕ್ಷಿಣಕ್ಕೆ, ಹಿನ್ನೀರಿನ ಬದಿಯ ತಗ್ಗಿನಲ್ಲಿ ರಸ್ತೆಯನ್ನು ಆಳೆತ್ತರ ಏರಿಸುವುದೆಂದು ತೀರ್ಮಾನವಾಯಿತು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ನಮ್ಮ ಕಚೇರಿ ಮಾಡಿದ ಮೊದಲ ಕೆಲಸ ಅದು. ನನಗೆ ಹೆಮ್ಮೆಯಿತ್ತು.

ಮೋರಿ ನೋಡಲು ಹೋದದ್ದು ಏಪ್ರಿಲಿನಲ್ಲಿ. ಮಾರ್ಚ್ ಕೊನೆಯೂ ಇರಬಹುದು. ಬಿಸಿಲಿತ್ತು ಎಂಬುದಷ್ಟೇ ನಿಜ. ಹಳೆಯ ರಸ್ತೆಯ ಒಂದು ಬದಿಗೆ ಹಿನ್ನೀರು, ಇನ್ನೊಂದು ಬದಿಗೆ ಕೊಯ್ಲಾದ ಗದ್ದೆ. ಗದ್ದೆಯಾಚೆ ಒಂದು ಮನೆ, ಮನೆಯ ಮುಂದೆ ಬಾವಿ. ರಸ್ತೆಯಡಿಯಲ್ಲಿ ಕಲ್ಲಿನ ಮೋರಿ. ಅದರ ಬಾಯಿಗೆ ಒಣಹುಲ್ಲು, ತೆಂಗಿನ ಗರಿ, ಮಣ್ಣು ತುರುಕಿ ಗಟ್ಟಿಯಾಗಿ ಮೆತ್ತಿದ್ದರು. ನನ್ನ ಕೈಯ ನಮೂನೆಯಲ್ಲಿ ಎರಡೇ ಚೌಕಗಳಿದ್ದವು: ಬಳಕೆಯಲ್ಲಿದೆ, ಮುಚ್ಚಿಹೋಗಿದೆ. ಎರಡನೆಯದಕ್ಕೆ ಗುರುತು ಹಾಕಿದೆ. ಮುಚ್ಚಿಹೋದ ಮೋರಿ ಹೊಸ ರಸ್ತೆಯ ನಕ್ಷೆಗೆ ಬರುವುದಿಲ್ಲ.

ಆ ಕಡೆಯವರಿಗೆ ಇದು ಮಕ್ಕಳಿಗೂ ಗೊತ್ತಿರುವ ಸಂಗತಿ. ಕೊಯ್ಲು ಮುಗಿದು ಸಿಹಿನೀರಿನ ಹರಿವು ನಿಂತಮೇಲೆ, ಕಡಲು ಉಬ್ಬಿದಾಗ ಭರತದ ಉಪ್ಪುನೀರು ಮೋರಿಯೊಳಗಿಂದ ಗದ್ದೆಗೆ ನುಗ್ಗುತ್ತದೆ, ಬಾವಿ ಕೆಡಿಸುತ್ತದೆ. ಅದಕ್ಕೇ ಬೇಸಿಗೆಗೆ ಮೋರಿಯ ಬಾಯಿ ಕಟ್ಟುತ್ತಾರೆ. ಮೊದಲ ಮಳೆಗೆ ಮುಂಚೆ ಬಿಡಿಸುತ್ತಾರೆ. ಆಗ ಗದ್ದೆಯ ನೀರೆಲ್ಲ ಹಿನ್ನೀರಿಗೆ ಇಳಿಯುತ್ತದೆ. ಕಟ್ಟುವುದು, ಬಿಡಿಸುವುದು ಆ ಮನೆಯವರದೇ ಕೆಲಸವಾಗಿತ್ತು. ನಾನು ಹುಟ್ಟಿದ್ದು ಕಾರವಾರ ಪೇಟೆಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನನಗೆ ಗೊತ್ತಿರಲಿಲ್ಲ.

ಅಥವಾ ಗೊತ್ತಾಗಿತ್ತು. ಇಲ್ಲಿಂದ ನನ್ನ ನೆನಪು ನಂಬಿಕೆಗೆ ಅರ್ಹವಲ್ಲ.

ಐವತ್ತು ದಾಟಿದ ಒಬ್ಬ ಹೆಂಗಸು ಮನೆಯಿಂದ ಇಳಿದು ಬಂದು ಗದ್ದೆಯ ಅಂಚಿನಲ್ಲಿ ನಿಂತಿದ್ದರು. "ಬಿಸ್ಲಲ್ಲಿ ಎಂತ ಹುಡ್ಕೂದು ತಮಾ?" ಎಂದು ಕೇಳಿದರು. ರಸ್ತೆ ಅಗಲ ಮಾಡುತ್ತಾರೆ ಎಂದೆ. ಮುರುಗಲ ಹಣ್ಣಿನ ಪಾನಕ ತಂದುಕೊಟ್ಟರು. ಇಷ್ಟು ಸ್ಪಷ್ಟ. ಆಮೇಲೆ ಅವರು ಮೋರಿಯ ಕಡೆ ಕೈತೋರಿಸಿ, "ಮಳೆಗೆ ಮುಂಚೆ ಅದ್ನ ಬಿಡಿಸ್ತೇವೆ" ಎಂದಂತೆ ಒಂದು ದೃಶ್ಯ ನನ್ನ ತಲೆಯಲ್ಲಿದೆ. ಧ್ವನಿ ಕೇಳಿಸುತ್ತದೆ, ಕೈ ಕಾಣುತ್ತದೆ. ಆದರೆ ಆ ದೃಶ್ಯದಲ್ಲಿ ನಾನೂ ಕಾಣುತ್ತೇನೆ, ಲೋಟ ಹಿಡಿದು ನಿಂತವನಾಗಿ, ದೂರದಿಂದ. ಕಣ್ಣಾರೆ ಕಂಡದ್ದರಲ್ಲಿ ಯಾರೂ ತಮ್ಮನ್ನೇ ಹೊರಗಿನಿಂದ ನೋಡಿರಲಾರರು. ಇಲ್ಲದ್ದನ್ನು ಇದ್ದಂತೆ ಚಿತ್ರಿಸುವುದು ನನ್ನ ಕಸುಬು. ಇದನ್ನೂ ನಾನೇ ಆಮೇಲೆ ಮಾಡಿಕೊಂಡಿದ್ದರೆ?

ಸಭೆ ನಡೆದದ್ದು ಊರಿನ ಶಾಲೆಯಲ್ಲಿ, ಡಿಸೆಂಬರಿನ ಒಂದು ಬೆಳಿಗ್ಗೆ. ಗೋಡೆಯ ಮೇಲೆ ನನ್ನ ವಿಡಿಯೋ ಓಡಿತು. ನೀಲಿ ಆಕಾಶ, ಎತ್ತರಿಸಿದ ಕಪ್ಪು ರಸ್ತೆ, ಎರಡೂ ಬದಿಗೆ ನುಣ್ಣನೆ ಹುಲ್ಲಿನ ಇಳಿಜಾರು. ಕೆಟ್ಟ ಮಳೆಯ ದಿನದ ವಿಡಿಯೋವನ್ನೂ ಮಾಡತೊಡಗಿದ್ದೆ. ಸಮಯ ಸಾಲಲಿಲ್ಲ ಎಂದು ಬಿಟ್ಟಿದ್ದೆ, ಅಥವಾ ಜನ ಹೆದರುತ್ತಾರೆ, ಬಿಡು ಎಂದು ಮೇಲಿನವರು ಹೇಳಿದ್ದರು. ಎರಡೂ ನಿಜವಿರಬಹುದು.

"ಇದು ಯಾವ ಊರ ಆಕಾಶ ಸಾಯೇಬ್ರೆ?" ಎಂದು ಹಿಂದಿನ ಬೆಂಚಿನ ಮೀನುಗಾರನೊಬ್ಬ ಕೇಳಿದ. "ನಮ್ಮಲ್ಲಿ ಇಂಥಾದ್ದು ಕಂಡ್ರೆ ಬಂಗ್ಡೆ ಒಣ್ಗೂಕೆ ಹಾಕ್ತೇವೆ."

"ಅಂವಗೆ ರಸ್ತೆ ಅಂದ್ರೂ ಮೀನ್ ಒಣ್ಗಿಸೂ ಜಾಗವೇ!" ಎಂದು ಪಕ್ಕದವನು ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಅಮ್ಮ ಎರಡನೆಯ ಸಾಲಿನಲ್ಲಿ ಕೂತು ತಮ್ಮ ಮನೆಯನ್ನು ಗುರುತಿಸಿ ಖುಷಿಪಟ್ಟರು. ಮೋರಿ ಎಲ್ಲಿ ಎಂದು ಅವರಾಗಲಿ ಬೇರೆಯವರಾಗಲಿ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಚಿತ್ರ ಮೇಲಿನಿಂದ ತೆಗೆದದ್ದು. ಮೋರಿ ಇರುವುದು ರಸ್ತೆಯ ಅಡಿಯಲ್ಲಿ. ಕಾಣದಿದ್ದರೂ ಇದ್ದೇ ಇದೆ ಎಂದು ಎಲ್ಲರೂ ತಿಳಿದುಕೊಂಡರು.

ಮುಂದಿನ ವರ್ಷ ಕೊಯ್ಲಾಗಿ ಆ ಮನೆಯವರು ಎಂದಿನಂತೆ ಮೋರಿಯ ಬಾಯಿ ಕಟ್ಟಿದರು. ಬೇಸಿಗೆಯಲ್ಲಿ ಮಣ್ಣಿನ ಲಾರಿಗಳು ಬಂದವು. ಮೇ ಕೊನೆಗೆ ಹಾರೆ ಹಿಡಿದು ಬಿಡಿಸಲು ಹೋದರೆ ಬಾಯಿಯೇ ಇಲ್ಲ, ಅದರ ಮೇಲೆ ಆಳೆತ್ತರ ಮಣ್ಣು. ಕೂಗಾಡಿದರು. ಕೆಲಸ ನೋಡುತ್ತಿದ್ದ ಎಂಜಿನಿಯರು ಪಟ್ಟಿ ತೆಗೆದ, ಆಮೇಲೆ ಮೊಬೈಲಿನಲ್ಲಿ ನನ್ನ ವಿಡಿಯೋ ತೋರಿಸಿದ. "ನೋಡಿ, ನೀವೇ ಒಪ್ಪಿದ ಚಿತ್ರ. ಇಲ್ಲಿ ಮೋರಿ ಎಲ್ಲಿದೆ?" ಎಂದನಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದವನು ನಮ್ಮ ನಕ್ಷೆಗಾರ. ಆ ದಿನ ಅವನು ಗೇಲಿ ಮಾಡಲಿಲ್ಲ.

ಜೂನಿನಲ್ಲಿ ನೀರು ಇಳಿಯಲಿಲ್ಲ. ಸಸಿ ಕೊಳೆತವು. ಬಾವಿಗೆ ಗದ್ದೆಯ ಕೊಳೆನೀರು ಸೇರಿತು. ಏರುವ ಕಡಲಿನಿಂದ ರಸ್ತೆಯನ್ನು ಉಳಿಸಲು ಏರಿಸಿದ ದಿಬ್ಬ, ಆಕಾಶದಿಂದ ಬಿದ್ದ ನೀರನ್ನು ಅವರ ಅಂಗಳದಲ್ಲಿ ತಡೆದು ನಿಲ್ಲಿಸಿತು. ಹೊಸ ಕೊಳವೆ ಹಾಕಬೇಕೆಂದು ನಾನು ಬರೆದ ಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇದೆ.

ಸಮೀಕ್ಷೆಯ ದಿನದ ನೋಟ್‌ಬುಕ್ಕನ್ನು ಹುಡುಕಿ ತೆಗೆದೆ. ಆ ಮೋರಿಯ ಸಂಖ್ಯೆಯ ಪಕ್ಕ ಪೆನ್ಸಿಲಿನಲ್ಲಿ 'ಒಣಹುಲ್ಲು' ಎಂದು ಬರೆದಿತ್ತು. ಅಷ್ಟೇ. ನೋಡಿದ್ದಕ್ಕೆ ಅದು ಸಾಕ್ಷಿ, ಕೇಳಿದ್ದಕ್ಕಲ್ಲ. ಆದರೆ ತಾನಾಗಿ ಮುಚ್ಚಿಹೋದ ಮೋರಿಯಲ್ಲಿ ಒಣಹುಲ್ಲು ಹೇಗೆ ಬರುತ್ತದೆ ಎಂದು ಓದಿದವನೊಬ್ಬ ಯೋಚಿಸಬಹುದಿತ್ತು. ನಾನು ಯೋಚಿಸಲಿಲ್ಲ, ಬರೆದುಕೊಂಡೆ.

ಎರಡನೆಯ ಮಳೆಗಾಲ, ಕಳೆದ ಜುಲೈನಲ್ಲಿ, ಕೇಳಿಯೇಬಿಡಬೇಕೆಂದು ಹೋದೆ. ಹೆದ್ದಾರಿಯಲ್ಲಿ ಬಸ್ಸಿಳಿದು ನೋಡಿದರೆ ಅದು ಥೇಟು ನನ್ನ ಚಿತ್ರದಂತೆಯೇ ಆಗಿತ್ತು, ಇಳಿಜಾರಿನ ಹುಲ್ಲು ಸಹ. ಈ ಕಡೆ ಗದ್ದೆಯಿರಲಿಲ್ಲ. ಕಂದು ನೀರು ಮನೆಯ ಮೆಟ್ಟಿಲ ತನಕ ನಿಂತಿತ್ತು. ಮೊಣಕಾಲು ನೀರಿನಲ್ಲಿ ದಾಟಿ ಜಗಲಿ ಹತ್ತಿದೆ. ಅವರು ತಕ್ಷಣ ಗುರುತು ಹಿಡಿದರು.

"ಬಾ ತಮಾ, ಮೇಲೆ ಬಾ. ಈ ಸಲ ಪಾನಕ ಕೊಡೂಕೆ ಆಗೂದಿಲ್ಲ, ಬಾವಿ ನೀರು ನಾರ್ತದೆ."

ಕೂತೆ. ಬಸ್ಸಿನಲ್ಲಿ ಬರುವಾಗಲೇ ಪ್ರಶ್ನೆ ಜೋಡಿಸಿಟ್ಟುಕೊಂಡಿದ್ದೆ. ಅದನ್ನು ಕೇಳುವ ಮೊದಲೇ ಅವರು ಶುರುಮಾಡಿದರು.

"ನೀ ಬಂದದ್ದು ಒಳ್ಳೇದಾಯ್ತು. ಒಂದ್ ಮಾತು ಹೇಳೂದಿತ್ತು. ಆ ದಿನ ಮೋರಿ ವಿಷ್ಯ ನಾ ನಿಂಗೆ ಹೇಳ್ಬೇಕಾಗಿತ್ತು. ಬಾಯಿಗೆ ಬಂದಿತ್ತು. ಕಾಗದ ಹಿಡ್ಕಂಡು ಬರ್ಕಣ್ತಾ ಇದ್ದೆ ನೀನು. ಓದಿದವ್ರಿಗೆ ಇದೆಲ್ಲ ಗೊತ್ತಿರ್ತದೆ, ನಾ ಹೇಳಿದ್ರೆ ನಗ್ತಾರೆ ಅಂದ್ಕಂಡು ಸುಮ್ನಾದೆ."

"ಹೇಳಲಿಲ್ವಾ ಅಮ್ಮ?"

"ಎಲ್ಲಿ ಹೇಳ್ದೆ! ಹೇಳಿದ್ರೆ ನೀ ಬರಿತಿದ್ದೆ. ಮನೆಯಲ್ಲಿ ದಿನಾ ಅದೇ ರಾಮಾಯಣ. ಮೈದುನ ಅಂತೂ ಮೋರೆ ಕೊಟ್ಟು ಮಾತಾಡೂದಿಲ್ಲ. ಪಾನಕ ಕೊಡೂಕೆ ಬಾಯಿತ್ತು, ಮೋರಿ ಹೇಳೂಕೆ ಇರ್ಲಿಲ್ವಾ ಕೇಳ್ತಾನೆ."

ಅವರ ನೆನಪಿನಲ್ಲಿ ಒಂದು ಸಂದೇಹದ ಎಳೆಯೂ ಇರಲಿಲ್ಲ. ನಾನು ಕೇಳಬೇಕೆಂದು ಬಂದ ಉತ್ತರ ಅದೇ. ಆದರೆ ಅದನ್ನು ಕೇಳುತ್ತಿರುವಾಗಲೇ, ಅವರು ಹೇಳಿದ್ದರು ಎಂದು ನನಗೆ ಎಂದಿಗಿಂತ ಗಟ್ಟಿಯಾಗಿ ಅನಿಸಿತು. ದಿನವೂ ಬೈಸಿಕೊಂಡವರ ನೆನಪು ಬೈಗುಳಕ್ಕೆ ತಕ್ಕಂತೆ ತಿರುಗಿಕೊಳ್ಳಬಹುದು. ನನ್ನದು ಅಪರಾಧಕ್ಕೆ ತಕ್ಕಂತೆ ತಿರುಗಿರಬಹುದು. ತೀರ್ಪು ಕೊಡಲು ಅಲ್ಲಿ ಮೂರನೆಯವರಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. 'ನೀವು ಹೇಳಿದ್ದಿರಿ ಅಮ್ಮ, ನಾನು ಬರೆದುಕೊಳ್ಳಲಿಲ್ಲ' ಎಂದಿದ್ದರೆ ಸಾಕಿತ್ತು. ನಿಜವೋ ಸುಳ್ಳೋ, ಆ ಮನೆಯಲ್ಲಿ ಅವರು ತಲೆಯೆತ್ತಿ ಮಾತಾಡಬಹುದಿತ್ತು.

"ಇರಲಿ ಬಿಡಿ ಅಮ್ಮ" ಎಂದೆ. "ಬೇಕಂತ ಮಾಡಿದ್ದಲ್ಲವಲ್ಲ."

ಕ್ಷಮಿಸಿದವನ ಹಾಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡು, "ನೀ ಸಿಟ್ಟು ಮಾಡ್ಕಣ್ಲಿಲ್ಲ ಅಲ್ದಾ, ಅಷ್ಟೇ ಸಾಕು" ಎಂದರು. ಈ ಮಾತುಗಳ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.